ತಪ್ಪಿಲ್ಲದ ಕನೆಕ್ಟರ್

ಚಾಮರಾಜಪೇಟೆಯ ನಮ್ಮ ಪತ್ರಿಕೆಯಲ್ಲಿ ಜನ ಮೊದಲು ತೆಗೆದು ನೋಡುವುದು ಶ್ರದ್ಧಾಂಜಲಿ ಪುಟವನ್ನು. ಸುದ್ದಿ ವಿಭಾಗದವರಾದ ನಾವು ಇದನ್ನು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ಬಸವನಗುಡಿ, ಮಲ್ಲೇಶ್ವರ, ಹನುಮಂತನಗರದ ಹಳೆಯ ಓದುಗರು ರಾಜಕಾರಣವನ್ನು ಟೀವಿಯಲ್ಲಿ ನೋಡಿ ಮುಗಿಸಿ, ಯಾರು ಹೋದರು ಎನ್ನುವುದನ್ನು ಮಾತ್ರ ನಮ್ಮಿಂದ ತಿಳಿದುಕೊಳ್ಳುತ್ತಿದ್ದರು. ಎನ್.ಆರ್. ಕಾಲೋನಿಯ ನಿವೃತ್ತ ಗುಮಾಸ್ತರೊಬ್ಬರು ತೀರಿಕೊಂಡರೆ ಟೀವಿಯವರು ಹೇಳುವುದಿಲ್ಲ. ನಾವು ಹೇಳುತ್ತೇವೆ. ಫೋಟೋ ಸಮೇತ, ಜಾಹೀರಾತಿನ ದರದಲ್ಲಿ.

ಆ ಪುಟ ಕೆಳಗಿನ ಕೌಂಟರಿನ ಮೇಡಂ ಅವರ ಕೈಯಲ್ಲಿತ್ತು. ಐವತ್ತರ ಆಸುಪಾಸಿನವರು, ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಮನೆತನ. ಯಾರ ಮನೆಯ ಜಾಹೀರಾತಿಗೆ ವೈಕುಂಠ ಸಮಾರಾಧನೆ ಎಂದು ಬರೆಯಬೇಕು, ಯಾರದಕ್ಕೆ ಶಿವಗಣಾರಾಧನೆ ಎಂದು ಬರೆಯಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಳುತ್ತಾ ಬಂದವರನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ಫೋಟೋ ಕೇಳುತ್ತಿದ್ದರು. ಜಾಹೀರಾತು ಕೌಂಟರಿಗೆ ಬರಲಿ, ಜಾಲತಾಣದ ಮೂಲಕ ಬರಲಿ, ಅಚ್ಚಿಗೆ ಹೋಗುವ ಮೊದಲು ಆ ಮನೆಗೆ ಅವರೇ ಫೋನ್ ಮಾಡಿ ಸಾವನ್ನು ಖಚಿತಪಡಿಸಿಕೊಳ್ಳಬೇಕು ಎಂಬುದು ನಮ್ಮಲ್ಲಿದ್ದ ನಿಯಮ.

ಆ ನಿಯಮ ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ಹನುಮಂತನಗರದ ನಿವೃತ್ತ ಹೆಡ್‌ಮಾಸ್ಟರೊಬ್ಬರು ಗಟ್ಟಿಮುಟ್ಟಾಗಿ ಬದುಕಿರುವಾಗಲೇ ನಮ್ಮ ಪತ್ರಿಕೆಯಲ್ಲಿ ತೀರಿಕೊಂಡಿದ್ದರು. ಬೇರೆ ಪತ್ರಿಕೆಯಾಗಿದ್ದರೆ ಮರುದಿನ ತಿದ್ದುಪಡಿ ಹಾಕುತ್ತಿತ್ತು. ನಮ್ಮ ಯಜಮಾನರು ತಿದ್ದುಪಡಿ ಹಾಕುವುದಿಲ್ಲ. ಯಜಮಾನರು ಎಂದರೆ ಪತ್ರಿಕೆಯ ಮಾಲೀಕರೂ ಹೌದು, ಸಂಪಾದಕರೂ ಹೌದು. ತಪ್ಪಾಯಿತು ಎಂದು ಒಂದು ಸಲ ಅಚ್ಚು ಹಾಕಿದರೆ ಓದುಗರು ಅದಕ್ಕೆ ಮುಂಚಿನ ಎಲ್ಲವನ್ನೂ ಅನುಮಾನದಿಂದ ನೋಡುತ್ತಾರೆ ಎಂಬುದು ಅವರ ಸಿದ್ಧಾಂತ. ತಪ್ಪನ್ನು ಹೊಸ ಸುದ್ದಿಯಿಂದ ಮುಚ್ಚಬೇಕು. ಹಾಗಾಗಿ ಅದೇ ವಾರ ಹೆಡ್‌ಮಾಸ್ಟರು ಕಣ್ಣಿನ ತಪಾಸಣಾ ಶಿಬಿರವೊಂದನ್ನು ಉದ್ಘಾಟಿಸುತ್ತಿರುವ ದೊಡ್ಡ ಚಿತ್ರ ನಮ್ಮಲ್ಲಿ ಬಂತು. ಅವರು ಉದ್ಘಾಟಿಸುವುದಕ್ಕೆ ಏನಾದರೂ ಬೇಕಲ್ಲ ಎಂದು ಆ ಶಿಬಿರವನ್ನು ಏರ್ಪಡಿಸಿದ್ದೂ ನಾವೇ. ನಾನು ಸುದ್ದಿ ಸಂಪಾದಕನಾಗಿ ಸಾಲಿನಲ್ಲಿ ನಿಂತು ಕಣ್ಣು ತೋರಿಸಿಕೊಂಡೆ.

ತೊಂದರೆ ಶುರುವಾದದ್ದು ಬಸವನಗುಡಿಯಿಂದ ಬಂದ ಒಂದು ಕರೆಯಿಂದ. ಒಂದು ಮನೆಯವರು ಜಾಲತಾಣದಲ್ಲಿ ತಂದೆಯ ಶ್ರದ್ಧಾಂಜಲಿ ಕೊಟ್ಟಿದ್ದರು. ಮೇಡಂ ಫೋನ್ ಮಾಡಿ ಖಚಿತಪಡಿಸಿಕೊಂಡಿದ್ದರು. ಅದಾದ ಸ್ವಲ್ಪ ಹೊತ್ತಿಗೆ, ಹೆಣ ಇನ್ನೂ ಹಜಾರದಲ್ಲಿರುವಾಗಲೇ, ಅದೇ ನಂಬರಿಗೆ ಒಬ್ಬ ಬ್ರೋಕರ್ ಫೋನ್ ಮಾಡಿ, ಸೈಟು ಪೂರ್ವಕ್ಕೆ ಮುಖವೋ ಉತ್ತರಕ್ಕೋ ಎಂದು ಕೇಳಿದ್ದ. ಹಳೆಯ ಬಡಾವಣೆಗಳಲ್ಲಿ ಹಿರಿಯರು ಹೋದ ಮನೆ ಎಂದರೆ ಬಿಲ್ಡರುಗಳ ಪಾಲಿಗೆ ಬಾಗಿಲು ಅರ್ಧ ತೆರೆದ ಮನೆ. ಆಮೇಲೆ ಮಲ್ಲೇಶ್ವರದಿಂದ ಅಂಥದ್ದೇ ದೂರು ಬಂತು. ಹಿಂದೆಯೇ ಇನ್ನೂ ಕೆಲವು. ಎಲ್ಲರೂ ನಮ್ಮಲ್ಲಿ ಜಾಹೀರಾತು ಕೊಟ್ಟವರೇ.

ಯಜಮಾನರು ನನ್ನನ್ನು ಕರೆಸಿದರು.

"ಆ ನಂಬರ್‌ಗಳಿಗೆಲ್ಲ ನಮ್ಮಿಂದ ಫೋನ್ ಮಾಡೋರು ಯಾರ್ರೀ?"

"ನಮ್ಮ ಮೇಡಂ. ಅದು ಅವರ ಕೆಲಸ."

"ಅದೇ ನಾನೂ ಹೇಳ್ತಿರೋದು."

"ಕೆಲಸ ಮಾಡಿದಾರೆ ಅನ್ನೋದು ಪುರಾವೆ ಅಲ್ಲ ಸಾರ್."

"ನಾನೇನು ಕೋರ್ಟಾ? ಪುರಾವೆ ಇಟ್ಕೊಂಡು ಏನ್ ಮಾಡ್ಲಿ? ಜನಕ್ಕೆ ಉತ್ತರ ಕೊಡ್ಬೇಕು."

ಉತ್ತರವನ್ನು ಅವರು ಆಗಲೇ ಕೊಟ್ಟಾಗಿತ್ತು. ದೂರು ಕೊಟ್ಟ ಪ್ರತಿ ಮನೆಗೂ ತಾವೇ ಫೋನ್ ಮಾಡಿ, "ಸಂಬಂಧಪಟ್ಟ ಸಿಬ್ಬಂದಿ ಮೇಲೆ ಕ್ರಮ ತಗೊಂಡಿದೀವಿ" ಎಂದಿದ್ದರು. ಹೆಸರು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮರುದಿನದಿಂದ ಕೌಂಟರಿನಲ್ಲಿ ಬೇರೆಯವರು ಕೂತಿದ್ದರು. ಮೇಡಂ ಅವರನ್ನು ಹಿಂದಿನ ಗೋಡೌನಿಗೆ, ಹಳೆಯ ಸಂಚಿಕೆಗಳ ಬೈಂಡುಗಳನ್ನು ಜೋಡಿಸುವ ಕೆಲಸಕ್ಕೆ ಹಾಕಲಾಯಿತು. ಅಲ್ಲಿ ಕಂಪ್ಯೂಟರ್ ಇಲ್ಲ, ಫೋನ್ ಇಲ್ಲ.

ನಮ್ಮ ಜಾಲತಾಣವನ್ನು ನೋಡಿಕೊಳ್ಳುವವನು ಮೂವತ್ತರ ಹರೆಯದ ಒಬ್ಬ ಪ್ರೋಗ್ರಾಮರ್. ವಾರಕ್ಕೊಮ್ಮೆ ಬೈಕಿನಲ್ಲಿ ಬಂದು, ಮೇಡಂ ಕೊಡಿಸುವ ಕಾಫಿ ಕುಡಿದು, ಏನೋ ಸರಿಮಾಡಿ ಹೋಗುತ್ತಿದ್ದ. ಆ ವಾರ ಕೌಂಟರಿನಲ್ಲಿ ಅವರು ಕಾಣದಿದ್ದಾಗ ನನ್ನನ್ನು ಕೇಳಿದ. ನಾನು ಹೇಳಿದೆ. ಅವನ ಮುಖ ಸಣ್ಣದಾಯಿತು.

"ಸಾರ್, ನಂಬರ್ ಅವರಿಂದ ಹೋಗಿರಲ್ಲ. ನಮ್ ಕನೆಕ್ಟರ್‌ನಿಂದ ಹೋಗಿರುತ್ತೆ. ಚೇಂಜ್ ಮಾಡ್ಬೇಕು ಅಂತ ಯಜಮಾನರಿಗೆ ಆವಾಗ್ಲೇ ಹೇಳಿದ್ದೆ. ಓಡ್ತಿದೆಯಲ್ಲ, ಬಿಡು ಅಂದ್ರು."

"ಕನೆಕ್ಟರ್ ಅಂದ್ರೆ ಏನಪ್ಪ? ನಂಗೆ ಅರ್ಥ ಆಗೋ ಹಾಗೆ ಹೇಳು."

ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಜಾಲತಾಣದ ಹಿಂದೆ, ಸರ್ವರಿನಲ್ಲಿ ಒಂದು ಪ್ರೋಗ್ರಾಂ ಓಡುತ್ತಿರುತ್ತದೆ. ಹೆಸರು, ಫೋಟೋ, ಮನೆಯವರ ನಂಬರು ಎಲ್ಲ ಇರುವುದು ಡೇಟಾಬೇಸಿನಲ್ಲಿ. ಇವೆರಡೂ ನೇರವಾಗಿ ಮಾತಾಡುವುದಿಲ್ಲ. ಇದರ ಪ್ರಶ್ನೆಯನ್ನು ಅದಕ್ಕೆ, ಅದರ ಉತ್ತರವನ್ನು ಇದಕ್ಕೆ ಸಾಗಿಸುವ ಒಂದು ಸಣ್ಣ ಸಾಫ್ಟ್‌ವೇರ್ ನಡುವೆ ಇರುತ್ತದೆ. ಅದು ಕನೆಕ್ಟರ್. ಅದನ್ನು ನಾವು ಬರೆಯುವುದಿಲ್ಲ. ಯಾರೋ ಬರೆದಿಟ್ಟಿರುತ್ತಾರೆ, ಆರಿಸಿ ತಂದು ಹಾಕಿಕೊಳ್ಳಬೇಕು. ನಮ್ಮಲ್ಲಿದ್ದದ್ದನ್ನು ಬರೆದವರು ಅದನ್ನು ತಿರುಗಿ ನೋಡದೆ ಬಹಳ ಕಾಲವಾಗಿತ್ತು.

ಒಳ್ಳೆಯ ಕನೆಕ್ಟರ್ ಪ್ರೋಗ್ರಾಮಿನ ಆದೇಶವನ್ನು ಒಂದು ಲಕೋಟೆಯಲ್ಲೂ ಓದುಗ ಟೈಪ್ ಮಾಡಿದ ಮಾತನ್ನು ಇನ್ನೊಂದು ಲಕೋಟೆಯಲ್ಲೂ ಇಟ್ಟು ಕಳಿಸುತ್ತದಂತೆ. ನಮ್ಮದು ಎರಡು ಲಕೋಟೆ ತೆಗೆದುಕೊಂಡಂತೆ ಮಾಡಿ, ಒಳಗೆ ಎರಡನ್ನೂ ಒಂದೇ ಕಾಗದಕ್ಕೆ ಅಂಟಿಸಿ ಕಳಿಸುತ್ತಿತ್ತು. ಹೀಗಾಗಿ ನಮ್ಮ ಜಾಲತಾಣದ 'ಹೆಸರು ಹುಡುಕಿ' ಎಂಬ ಜಾಗದಲ್ಲಿ ಯಾರಾದರೂ ಹೆಸರಿನ ಬದಲು ಒಂದು ಆದೇಶವನ್ನೇ ಬರೆದರೆ, ಡೇಟಾಬೇಸು ಅದನ್ನೂ ಪಾಲಿಸಿ ಎಲ್ಲರ ನಂಬರನ್ನೂ ಕೊಟ್ಟುಬಿಡುತ್ತಿತ್ತು. ನನಗೆ ಇದು ತಕ್ಷಣ ಅರ್ಥವಾಯಿತು. ಓದುಗರೊಬ್ಬರು ಪತ್ರದಲ್ಲಿ ಪಾಲಿಕೆಯ ಆದೇಶವೊಂದನ್ನು ಉದ್ಧರಿಸಿ, 'ಮೇಲಿನ ಎರಡು ಪ್ಯಾರಾ ತೆಗೆದುಹಾಕಿ' ಎಂದು ಪಾಲಿಕೆಗೆ ಬರೆದಿದ್ದನ್ನು ನಮ್ಮ ಡೆಸ್ಕಿನವರೊಬ್ಬರು ತಮಗೆ ಬಂದ ಸೂಚನೆ ಎಂದುಕೊಂಡು, ಪತ್ರದ ಮೊದಲ ಎರಡು ಪ್ಯಾರಾ ತೆಗೆದು ಅಚ್ಚು ಮಾಡಿದ್ದರು. ಅವರು ಆಮೇಲೆ ಉಪಸಂಪಾದಕರಾಗಿಯೇ ನಿವೃತ್ತರಾದರು.

ಇದನ್ನೆಲ್ಲ ಯಜಮಾನರಿಗೆ ವಿವರಿಸಿದೆವು. "ತಪ್ಪನ್ನ ಕಂಪ್ಯೂಟರ್ ಮೇಲೆ ಹಾಕೋದು ಸುಲಭ," ಎಂದರು ಅವರು. ಆಗ ಒಂದು ಪರೀಕ್ಷೆಗೆ ಒಪ್ಪಿಸಿದೆವು. ಸುಳ್ಳು ಶ್ರದ್ಧಾಂಜಲಿಯೊಂದನ್ನು ಜಾಲತಾಣದಲ್ಲಿ ತುಂಬುವುದು; ಅಚ್ಚಿಗೆ ಹೋಗದಂತೆ ತಡೆಯುವುದು; ಅದಕ್ಕೆಂದೇ ತಂದ ಹೊಸ ಸಿಮ್ಮಿನ ನಂಬರು ಕೊಡುವುದು. ಮೇಡಂ ಗೋಡೌನಿನಲ್ಲೇ ಇರುತ್ತಾರೆ, ಆ ನಂಬರು ಅವರಿಗೆ ಗೊತ್ತೇ ಇರುವುದಿಲ್ಲ. ಆ ನಂಬರಿಗೂ ಬ್ರೋಕರ್ ಫೋನ್ ಮಾಡಿದರೆ ಮಾಹಿತಿ ಸೋರುತ್ತಿರುವುದು ಅವರಿಂದಲ್ಲ.

ಸಾಯುವುದು ಯಾರು ಎಂಬ ಪ್ರಶ್ನೆ ಬಂತು. ಸತ್ತವರ ಜಾಹೀರಾತಿನಿಂದ ಊಟ ಮಾಡುವ ಕಚೇರಿಯಲ್ಲಿ ಸುಳ್ಳಿಗೂ ಸಾಯಲು ಯಾರೂ ಸಿದ್ಧರಿರಲಿಲ್ಲ. "ನಂಗಿನ್ನೂ ಮದ್ವೆ ಆಗಿಲ್ಲ ಸಾರ್, ನಮ್ಮಮ್ಮಂಗೆ ಗೊತ್ತಾದ್ರೆ ಅಷ್ಟೇ," ಎಂದ ಪ್ರೋಗ್ರಾಮರ್. ಯಜಮಾನರು ತಮಗೆ ಈಗ ಶನಿ ನಡೆಯುತ್ತಿದೆ ಎಂದರು. ಕಟ್ಟುಕತೆಯ ಹೆಸರು ಹಾಕೋಣವೆಂದರೆ, ಆ ಹೆಸರಿನವರು ಯಾರಾದರೂ ಇದ್ದುಬಿಟ್ಟರೆ ಮತ್ತೊಂದು ಕಣ್ಣಿನ ಶಿಬಿರವಾಗುತ್ತದೆ. ಕೊನೆಗೆ ನನ್ನ ಹೆಸರು, ನನ್ನ ಹನುಮಂತನಗರದ ವಿಳಾಸ, ನನ್ನದೇ ಹಳೆಯ ಪಾಸ್‌ಪೋರ್ಟ್ ಫೋಟೋ. ಮನೆಯಲ್ಲಿ ಹೇಳಲಿಲ್ಲ.

ಮಧ್ಯಾಹ್ನದ ಕಾಫಿ ಇಳಿಯುವುದರೊಳಗೆ ಹೊಸ ಸಿಮ್ಮು ಹೊಡೆದುಕೊಂಡಿತು. ಸ್ಪೀಕರ್ ಹಾಕಿದೆ. ಯಜಮಾನರು ಕುರ್ಚಿ ಹತ್ತಿರ ಎಳೆದುಕೊಂಡರು.

"ನಮಸ್ಕಾರ ಸಾರ್. ಮನೆ ಯಜಮಾನ್ರು ಹೋಗ್ಬಿಟ್ರಂತೆ, ತುಂಬಾ ಬೇಜಾರಾಯ್ತು. ನೀವು ಮಗನಾ ಸಾರ್?"

"ಹ್ಞೂಂ."

"ಒಳ್ಳೆ ಮನುಷ್ಯರು ಸಾರ್ ನಿಮ್ಮ ತಂದೆ. ನಂಗೆ ಚೆನ್ನಾಗಿ ಪರಿಚಯ."

"ಹೌದಾ? ಹೆಂಗಿದ್ರು?"

"ಅಯ್ಯೋ, ಬಂಗಾರದಂಥ ಮನುಷ್ಯ. ಯಾರಿಗೂ ಒಂದ್ ಮಾತು ಅಂದೋರಲ್ಲ."

ಈ ಕಡೆ ಪ್ರೋಗ್ರಾಮರ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ನನ್ನ ಕೈಕೆಳಗೆ ಕೆಲಸ ಮಾಡಿದವರು ಯಾರೂ ನನ್ನ ಬಗ್ಗೆ ಹಾಗೆ ಹೇಳಿದ್ದು ನಾನು ಕೇಳಿಲ್ಲ.

"ಈ ಟೈಮಲ್ಲಿ ಕೇಳ್ಬಾರ್ದು ಸಾರ್, ಆದ್ರೂ... ಮನೆ ಥರ್ಟಿ ಫಾರ್ಟಿನಾ, ಇಲ್ಲ ಫಾರ್ಟಿ ಸಿಕ್ಸ್ಟಿನಾ?"

"ಈ ನಂಬರ್ ನಿಮಗೆ ಹೆಂಗೆ ಸಿಕ್ತು?"

"ನಮಗೆ ಡೇಟಾ ಬರುತ್ತೆ ಸಾರ್. ಮಾರೋರು ಮಾರ್ತಾರೆ, ನಾವು ತಗೋತೀವಿ. ನೀವೇನ್ ಟೆನ್ಶನ್ ತಗೋಬೇಡಿ, ಹದಿಮೂರನೇ ದಿನ ಮುಗಿಸ್ಕೊಂಡು ನಿಧಾನಕ್ಕೆ ಮಾತಾಡೋಣ."

ಇಷ್ಟಾದ ಮೇಲೆ ಮೇಡಂ ಕೌಂಟರಿಗೆ ವಾಪಸಾಗುತ್ತಾರೆ ಎಂದು ನಾನು ಅಂದುಕೊಂಡೆ. ಯಜಮಾನರು ಸ್ವಲ್ಪ ಹೊತ್ತು ಮೇಜಿನ ಮೇಲಿನ ಗಾಜನ್ನು ಒರೆಸಿದರು. "ಮೇಡಂಗೆ ಆಫೀಸೊಳಗೆ ಯಾರಾದ್ರೂ ಸ್ನೇಹಿತರು ಇರ್ಬಹುದು," ಎಂದರು. ಜನರಿಗೆ ಒಂದು ಮಾತು ಹೇಳಿಬಿಟ್ಟಿದ್ದರಲ್ಲ. ಆ ಮಾತು ತಪ್ಪಾಗುವುದು ಅವರಿಗೆ ಬೇಕಿರಲಿಲ್ಲ. ಕೊನೆಗೆ ಒಂದು ತೀರ್ಮಾನ ಕೊಟ್ಟರು: ಕನೆಕ್ಟರ್ ಬದಲಾಯಿಸಿ. ಕರೆಗಳು ನಿಂತರೆ ತಪ್ಪು ಕನೆಕ್ಟರಿನದು, ಮೇಡಂ ಕೌಂಟರಿಗೆ ಬರಲಿ. ನಿಲ್ಲದಿದ್ದರೆ ತಪ್ಪು ಮೇಡಂ ಅವರದು, ಮನೆಗೆ ಹೋಗಲಿ. ಹೀಗೆ ಒಬ್ಬ ಹೆಂಗಸಿನ ಮಾನ ಅವರು ಯಾವತ್ತೂ ಕಂಡಿರದ ಒಂದು ಸಾಫ್ಟ್‌ವೇರಿನ ಆಯ್ಕೆಯ ಮೇಲೆ ನಿಂತಿತು.

ಪ್ರೋಗ್ರಾಮರ್ ಮೂರನ್ನು ಆರಿಸಿಕೊಂಡು ಬಂದ. ಲ್ಯಾಪ್‌ಟಾಪನ್ನು ಯಜಮಾನರ ಮೇಜಿನ ಮೇಲಿಟ್ಟು ತೋರಿಸಿದ. ಮೊದಲನೆಯದು ಬಹಳ ಜನಪ್ರಿಯ. ಆದರೆ ಅದನ್ನು ಮಾಡಿದವರೇ, 'ಇನ್ನು ಇದನ್ನು ನೋಡಿಕೊಳ್ಳುವುದಿಲ್ಲ, ಬೇರೆಯದಕ್ಕೆ ಹೋಗಿ' ಎಂದು ಅದರ ಪುಟದ ಮೇಲೆ ಸೂಚನೆ ಹಾಕಿದ್ದರು. ತನ್ನ ಶ್ರದ್ಧಾಂಜಲಿಯನ್ನು ತಾನೇ ಹಾಕಿಕೊಂಡದ್ದು ಎಂದು ಅದನ್ನು ಅಲ್ಲೇ ಬಿಟ್ಟೆವು.

ಎರಡನೆಯದರ ಪುಟ ತೆರೆದಾಗ ಯಜಮಾನರು ಕನ್ನಡಕ ಸರಿಮಾಡಿಕೊಂಡರು. ಅದರಲ್ಲಿ ಉದ್ದಕ್ಕೂ ಅದರದ್ದೇ ದೋಷಗಳು. ಇಂಥ ಆವೃತ್ತಿಯಲ್ಲಿ ಇಂಥ ಭದ್ರತಾ ಲೋಪ, ಇಂಥವರು ಹುಡುಕಿದರು, ಇಂಥ ಆವೃತ್ತಿಯಲ್ಲಿ ಸರಿಪಡಿಸಿದೆ, ಹಳೆಯದು ಬಳಸುತ್ತಿದ್ದರೆ ಕೂಡಲೇ ಬದಲಾಯಿಸಿ.

"ಇದೇನಯ್ಯ, ತಪ್ಪುಗಳನ್ನ ಬೋರ್ಡ್ ಬರೆಸಿ ಹಾಕ್ಕೊಂಡಿದಾರೆ? ಮಾನ ಮರ್ಯಾದೆ ಇರೋರು ಹಿಂಗ್ ಮಾಡ್ತಾರಾ?"

"ಸಾರ್, ಕಂಡುಹಿಡಿದು ಸರಿ ಮಾಡಿದಾರೆ. ಅದು ಒಳ್ಳೇದು."

"ಮೂರನೇದು ತೋರ್ಸು."

ಮೂರನೆಯ ಪುಟ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಚೆಂದದ ಅಕ್ಷರ, ಚೆಂದದ ಬಣ್ಣ.

"ಇದ್ರಲ್ಲಿ ಎಷ್ಟು ತಪ್ಪಿದೆ?"

"ಯಾವುದೂ ಹಾಕಿಲ್ಲ ಸಾರ್."

"ಮತ್ತೆ ಇನ್ನೇನು ಯೋಚನೆ?"

ನಾನು ಬಾಯಿ ಹಾಕಿದೆ. "ಇದನ್ನ ಕೊನೇ ಸಲ ಯಾವಾಗ ಮುಟ್ಟಿದಾರೆ ನೋಡಿ ಸಾರ್. ಬಹಳ ಕಾಲದಿಂದ ಬದಲಾವಣೆನೇ ಆಗಿಲ್ಲ."

"ಸರಿಯಾಗಿರೋದನ್ನ ಯಾಕ್ರೀ ಬದಲಾಯಿಸ್ಬೇಕು?"

"ತಪ್ಪು ಹಾಕಿಲ್ಲ ಅಂದ್ರೆ ತಪ್ಪಿಲ್ಲ ಅಂತ ಅಲ್ಲ."

"ಹಂಗಾದ್ರೆ ನಮ್ ಪತ್ರಿಕೆನೂ ಹಂಗೇನಾ?"

ಅದಕ್ಕೆ ನನ್ನ ಬಳಿ ಉತ್ತರವಿತ್ತು. ಆದರೆ ನಿವೃತ್ತಿಗೆ ಇನ್ನೂ ಸಮಯವಿತ್ತು. ಮೂರನೆಯದನ್ನು ಹಾಕಲು ಆದೇಶವಾಯಿತು. ಬೇರೆ ಕಚೇರಿಗಳಲ್ಲಿ ಕನೆಕ್ಟರನ್ನು ವೇಗ ನೋಡಿ, ಎಷ್ಟು ಜನ ಬಳಸುತ್ತಾರೆ ಎಂದು ನೋಡಿ ಆರಿಸುತ್ತಾರಂತೆ. ಅದು ಎಂದೂ ಕ್ಷಮೆ ಕೇಳಿಲ್ಲ ಎಂಬ ಕಾರಣಕ್ಕೆ ಆರಿಸಿದವರು ಬಹುಶಃ ನಾವು ಮಾತ್ರ.

ಕರೆಗಳು ನಿಲ್ಲಲಿಲ್ಲ. ಮಲ್ಲೇಶ್ವರದ ಒಂದು ಮನೆಯವರಿಗೆ ಚಿತಾಗಾರದ ಹೊರಗೆ ರಸೀದಿಗೆ ಕಾಯುತ್ತಿರುವಾಗಲೇ ಬಂತು. "ನೋಡಿದ್ರಾ?" ಎಂದರು ಯಜಮಾನರು. ಅವರ ದನಿಯಲ್ಲಿ ಸಂತೋಷವಿರಲಿಲ್ಲ ಎಂದು ನಾನು ದಾಖಲಿಸಬೇಕು, ಸಮಾಧಾನವಿತ್ತು.

ನಾನು ಗೋಡೌನಿಗೆ ಹೋದೆ. ಮೇಡಂ ಬೈಂಡುಗಳ ಮೇಲಿನ ಧೂಳು ಹೊಡೆಯುತ್ತಾ, ಸೆರಗನ್ನು ಮೂಗಿಗೆ ಕಟ್ಟಿಕೊಂಡಿದ್ದರು.

"ಬನ್ನಿ ಸಾರ್. ಮೊದಲು ಅನುಮಾನ ಇತ್ತು. ಈಗ ನೀವೆಲ್ಲ ಸೇರಿ ಪುರಾವೆ ಮಾಡಿಕೊಟ್ರಿ."

"ಇನ್ನೊಂದು ವಾರ ಸಮಯ ಕೇಳಿದೀನಿ ಮೇಡಂ."

"ರಾಜೀನಾಮೆ ಬರೆದು ಬ್ಯಾಗಲ್ಲಿ ಇಟ್ಕೊಂಡಿದೀನಿ. ಕೊಟ್ರೆ ಒಪ್ಕೊಂಡ ಹಾಗೆ ಆಗತ್ತೆ ಅಂತ ಕೊಟ್ಟಿಲ್ಲ." ಬ್ರಶ್ಶನ್ನು ಕೆಳಗಿಟ್ಟರು. "ಮೊನ್ನೆ ಗಾಂಧಿಬಜಾರಲ್ಲಿ ಹೂವು ತಗೋತಿದ್ದೆ. ಆ ಬಸವನಗುಡಿ ಮನೆಯೋರ ಸೊಸೆ ಪಕ್ಕದಲ್ಲೇ ಇದ್ರು. ಅವರ ಮಾವನ ಜಾಹೀರಾತಿಗೆ ಫೋನಲ್ಲಿ ಅರ್ಧ ಗಂಟೆ ಕೂತು ಒಂದೊಂದೇ ಮಾತು ಬರೆಸಿದ್ದೆ. ನನ್ನ ದನಿ ಕೇಳಿದ್ದೇ, ಬುಟ್ಟಿ ಎತ್ಕೊಂಡು ಆ ಕಡೆ ಹೋದ್ರು. ಕೆಲ್ಸ ಹೋದ್ರೆ ಹೋಗ್ಲಿ ಸಾರ್. ಇದೇ ಬೀದಿಗಳಲ್ಲಿ ಓಡಾಡ್ಬೇಕಲ್ಲ ನಾನು."

ನನಗೂ ಪ್ರೋಗ್ರಾಮರಿಗೂ ಉಳಿದದ್ದು ಕೌಂಟರಿನ ಹಳೆಯ ಕೆಲಸ: ಮನೆಗೆ ಫೋನ್ ಮಾಡಿ ಕೇಳುವುದು. ಕನೆಕ್ಟರಿನ ಮನೆಯವರು ಇದ್ದಾರೋ ಇಲ್ಲವೋ ಎಂದು ತಿಳಿಯಲು ಅವನು ಎರಡನೆಯದರವರಿಗೂ ಮೂರನೆಯದರವರಿಗೂ ಇಮೇಲ್ ಬರೆದ. ನಮ್ಮಲ್ಲಿ ಹೀಗೊಂದು ಭದ್ರತಾ ಲೋಪವಿರುವಂತಿದೆ, ನಿಮ್ಮದರಲ್ಲಿ ಇದೆಯೇ ಎಂದು. ತಪ್ಪಿಲ್ಲದ ಕನೆಕ್ಟರಿಗೆ ಬರೆದದ್ದು, ಅಂಥ ವಿಳಾಸವೇ ಇಲ್ಲವೆಂದು ವಾಪಸು ಬಂತು. ತಪ್ಪುಗಳ ಬೋರ್ಡ್ ಹಾಕಿಕೊಂಡವರಿಂದ ಮರುದಿನವೇ ಉತ್ತರ. ಚಿಕ್ಕದು, ಸ್ವಲ್ಪ ಬಿಗುವಿನದು: ಆ ಬಗೆಯ ಲೋಪ ನಮ್ಮಲ್ಲೂ ಇತ್ತು, ಸರಿಪಡಿಸಿದ್ದೇವೆ, ನೀವು ಯಾವ ಆವೃತ್ತಿ ಹಾಕಿಕೊಳ್ಳುತ್ತೀರಿ ತಿಳಿಸಿ, ಬರೆದದ್ದಕ್ಕೆ ಧನ್ಯವಾದ.

"ಉತ್ತರ ಬರೆದಿದಾರೆ ಸಾರ್," ಎಂದು ಪ್ರೋಗ್ರಾಮರ್ ಅದನ್ನು ಮತ್ತೆ ಮತ್ತೆ ಓದಿದ. ನಮ್ಮ ಪತ್ರಿಕೆಯಲ್ಲಿ ಕೆಲಸ ಮಾಡಿದವನಿಗೆ ಅದು ದೊಡ್ಡ ವಿಷಯ.

ಆಮೇಲೆ ನಾನು ಅವನಿಗೆ ಇನ್ನೊಂದು ಕೆಲಸ ಹೇಳಿದೆ. ಬೇರೆ ಪತ್ರಿಕೆ ನಮ್ಮ ಸುದ್ದಿ ಕದ್ದಿದೆಯೇ ಎಂದು ನೋಡುವಾಗ ನಾವು ಸರಿಯಾದ ಸಂಗತಿಗಳನ್ನು ಹೋಲಿಸುವುದಿಲ್ಲ. ಸರಿಯಾದದ್ದು ಯಾರಿಗೆ ಬೇಕಾದರೂ ಸಿಗುತ್ತದೆ. ನಮ್ಮ ತಪ್ಪು ಅವರಲ್ಲೂ ಇದೆಯೇ ಎಂದು ನೋಡುತ್ತೇವೆ. ನಮ್ಮ ಹಳೆಯ ಕನೆಕ್ಟರಿನ ಒಳಗಿನ ಬರಹವನ್ನೂ ಈ ಚೆಂದದ್ದರ ಬರಹವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡು ಎಂದೆ. ಅವನು ನೋಡಿದ. ಎರಡು ಲಕೋಟೆಯನ್ನು ಒಂದೇ ಕಾಗದಕ್ಕೆ ಅಂಟಿಸುವ ಆ ಸಾಲುಗಳು ಇದ್ದ ಹಾಗೆಯೇ ಇದರಲ್ಲೂ ಇದ್ದವು. ಯಾರೋ ಹಳೆಯದನ್ನೇ ನಕಲು ಮಾಡಿ, ಹೊಸ ಹೆಸರಿಟ್ಟು, ಪುಟಕ್ಕೆ ಬಣ್ಣ ಬಳಿದು, ಎದ್ದು ಹೋಗಿದ್ದರು. ದೋಷ ಒಂದೂ ದಾಖಲಾಗಿರಲಿಲ್ಲ. ದಾಖಲಿಸುವವರು ಯಾರೂ ಅಲ್ಲಿ ಉಳಿದಿರಲಿಲ್ಲ.

ಇದನ್ನು ಯಜಮಾನರಿಗೆ ಹೇಗೆ ಹೇಳುವುದು ಎಂದು ಯೋಚಿಸಿದೆ. ತಪ್ಪು ಒಪ್ಪಿಕೊಳ್ಳುವುದು ಒಳ್ಳೆಯ ಗುಣ ಎಂಬ ದಾರಿಯಲ್ಲಿ ಅವರ ಕೋಣೆಯವರೆಗೂ ಹೋಗಲು ಸಾಧ್ಯವಿರಲಿಲ್ಲ. ಹಾಗಾಗಿ ಒಂದೇ ಮಾತು ಹೇಳಿದೆ: "ಸಾರ್, ಆ ಮೂರನೇದು ಕದ್ದಿದ್ದು."

ಅವರು ಪತ್ರಿಕೆಯಿಂದ ತಲೆ ಎತ್ತಿದರು. "ಕದ್ದಿದ್ದಾ?"

"ಅಕ್ಷರ ಅಕ್ಷರ. ತಪ್ಪಿನ ಸಮೇತ."

"ಕದ್ದ ಮಾಲನ್ನ ನನ್ನ ಆಫೀಸಲ್ಲಿ ತಂದಿಟ್ಟಿದೀರಾ? ಮೊದಲು ತೆಗೀರಿ ಅದನ್ನ!"

"ಸಾರ್, ಆಕ್ಚುಯಲಿ ಅದು ಓಪನ್ ಸೋರ್ಸು, ಕಾಪಿ ಮಾಡೋಕೆ ಪರ್ಮಿಶನ್..." ಎಂದು ಪ್ರೋಗ್ರಾಮರ್ ಶುರುಮಾಡಿದ.

"ನೀನು ಕಾಫಿ ಕುಡ್ಕೊಂಡ್ ಬಾ ಹೋಗಪ್ಪ," ಎಂದೆ.

ತಪ್ಪುಗಳನ್ನು ಹೇಳಿಕೊಳ್ಳುವ ಕನೆಕ್ಟರ್ ಹೀಗೆ, ತನ್ನ ಯೋಗ್ಯತೆಯಿಂದಲ್ಲ, ಇನ್ನೊಂದು ಕದ್ದ ಮಾಲು ಎಂಬ ಕಾರಣದಿಂದ ನಮ್ಮಲ್ಲಿಗೆ ಬಂತು. ಪ್ರೋಗ್ರಾಮರ್ ಜೊತೆಗೆ ಇನ್ನೂ ಒಂದು ಕೆಲಸ ಮಾಡಿದ: ಹೆಸರು ಹುಡುಕುವ ಪುಟಕ್ಕೆ ಫೋನ್ ನಂಬರುಗಳನ್ನು ಓದುವ ಅಧಿಕಾರವನ್ನೇ ತೆಗೆದುಹಾಕಿದ. ಅದನ್ನು ಮೊದಲೇ ಮಾಡಬೇಕಿತ್ತು ಎಂದು ತಾನೇ ಹೇಳಿದ. ಆ ಕನೆಕ್ಟರಿನವರ ಸಹವಾಸದಿಂದಲೋ ಏನೋ. ಅವರು ಹೊಸ ದೋಷ ಕಂಡುಹಿಡಿದಾಗಲೆಲ್ಲ ನನಗೂ ಇಮೇಲ್ ಬರುವಂತೆ ಏರ್ಪಾಡಾಯಿತು. ಇನ್ನೊಂದು ಹೊಸ ಸಿಮ್ಮಿನ ನಂಬರು ಕೊಟ್ಟು ನಾನು ಮತ್ತೊಂದು ಸಲ ಸತ್ತೆ. ಯಾರೂ ವಿಚಾರಿಸಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಹೊಸ ಜಾಹೀರಾತು ಕೊಟ್ಟ ಯಾವ ಮನೆಯಿಂದಲೂ ದೂರು ಬರಲಿಲ್ಲ.

ಯಜಮಾನರು ಮೇಡಂ ಅವರನ್ನು ಕೋಣೆಗೆ ಕರೆಸಿದರು. ನಾನೂ ಇದ್ದೆ. "ನಾಳೆಯಿಂದ ಕೌಂಟರಿಗೆ ಬನ್ನಿ," ಎಂದರು, ರಜೆ ಮುಗಿಸಿ ಬಂದವರಿಗೆ ಹೇಳುವ ಹಾಗೆ. ಆಮೇಲೆ ಒಂದು ಪ್ರೂಫ್ ಮುಂದೆ ತಳ್ಳಿದರು. ಒಳಪುಟದ ಸುದ್ದಿ. 'ಪತ್ರಿಕೆಯ ಜಾಲತಾಣ ಈಗ ಇನ್ನಷ್ಟು ಸುರಕ್ಷಿತ' ಎಂದು ಶೀರ್ಷಿಕೆ. ಯಜಮಾನರು ಕಂಪ್ಯೂಟರಿನ ಮುಂದೆ ಕುಳಿತಿರುವ ಚಿತ್ರವೂ ಇತ್ತು.

ಮೇಡಂ ನಿಂತುಕೊಂಡೇ ಪೂರ್ತಿ ಓದಿದರು.

"ಚೆನ್ನಾಗಿದೆ ಸಾರ್. ಇದರಲ್ಲಿ ನಾನೆಲ್ಲಿದೀನಿ?"

"ನಿಮ್ಮ ಹೆಸರು ಯಾವತ್ತೂ ಹಾಕಿಲ್ವಲ್ಲ ನಾವು. ಹಾಕದೇ ಇರೋದನ್ನ ತೆಗೆಯೋದು ಹೆಂಗೆ?"

"ಪೇಪರಲ್ಲಿ ಹಾಕಿಲ್ಲ. ಫೋನಲ್ಲಿ ಹೇಳಿದೀರಿ. ಪೇಪರಿಗೆ ನಾನು ಕೇಳ್ತಾನೂ ಇಲ್ಲ, ನಿಮ್ಮ ಪದ್ಧತಿ ನಂಗೆ ಗೊತ್ತು. ಫೋನಲ್ಲಿ ಹೇಳಿದ್ದನ್ನ ಫೋನಲ್ಲೇ ವಾಪಸ್ ತಗೊಳ್ಳಿ. ಅವರ ನಂಬರ್ ಹೊರಗೆ ಹೋಗಿದೆ ಅಂತ ಅವರಿಗೂ ಗೊತ್ತಾಗ್ಬೇಕು."

"ಎಲ್ಲರಿಗೂನಾ?"

"ಎಲ್ಲರಿಗೂ ಹೇಳಿದ್ರಲ್ಲ."

"ನಿಧಾನಕ್ಕೆ ಮಾಡೋಣ. ಈ ತಿಂಗಳು ಹೋಗ್ಲಿ."

ಮೇಡಂ ಕೂತರು. ಆ ಕೋಣೆಯಲ್ಲಿ ಯಜಮಾನರು ಹೇಳದೆ ಯಾರೂ ಕೂರುವ ಪದ್ಧತಿ ಇರಲಿಲ್ಲ. "ನಂಗೇನ್ ಅವಸರ ಇಲ್ಲ ಸಾರ್. ಕೌಂಟರ್ ಖಾಲಿ ಇದೆ, ನಾನಿಲ್ಲಿದೀನಿ," ಎಂದರು. ಅವರ ಬದಲಿಗೆ ಕೂತಿದ್ದವರು ಅಂದು ರಜೆಯಲ್ಲಿದ್ದರು; ಕೆಳಗೆ ಜನ ಬಂದು ನಿಂತಿರುವುದು ಮೆಟ್ಟಿಲಿನಿಂದಲೇ ಕೇಳಿಸುತ್ತಿತ್ತು.

ಯಜಮಾನರು ನನ್ನ ಕಡೆ ನೋಡಿದರು. ನಾನು ಪ್ರೂಫಿನಲ್ಲಿ ಒಂದು ಅಲ್ಪವಿರಾಮ ಸರಿಮಾಡುತ್ತಿದ್ದೆ. ಅವರು ಬಸವನಗುಡಿಯ ಮನೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ತೀರಿಕೊಂಡವರ ಮಗ ಎತ್ತಿಕೊಂಡರು. ಯಜಮಾನರು ಹವಾಮಾನದಿಂದ ಆರಂಭಿಸಿ, ಪತ್ರಿಕೆಯ ಪರಂಪರೆಯನ್ನು ಮುಟ್ಟಿ, ತಾಂತ್ರಿಕ ಯುಗದ ಸವಾಲುಗಳವರೆಗೆ ಬಂದರು. ಮೇಡಂ ಮೇಜಿನ ಮೇಲೆ ಬೆರಳಿನಿಂದ ಒಂದು ಸಲ ತಟ್ಟಿದರು.

"ಅದೇನಂದ್ರೆ ಸಾರ್... ನಿಮ್ಮ ನಂಬರ್ ಹೊರಗೆ ಹೋಗಿದ್ದು ನಮ್ಮ ಜಾಲತಾಣದಿಂದ. ನಮ್ಮ ಕೌಂಟರ್ ಮೇಡಂ ಅವರದ್ದು ಅದರಲ್ಲಿ ಏನೂ ಇಲ್ಲ. ನಾನು ಆವತ್ತು ನಿಮಗೆ ಹೇಳಿದ್ದು..." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳಿದ್ದು ತಪ್ಪು."

ನಾನು ಆ ಕಚೇರಿಯಲ್ಲಿ ಕಳೆದ ಇಷ್ಟು ವರ್ಷಗಳಲ್ಲಿ ಆ ಪದವನ್ನು ಅವರ ಬಾಯಿಂದ, ಅವರದ್ದೇ ಕುರಿತಾಗಿ ಕೇಳಿದ್ದು ಅದೇ ಮೊದಲು.

"ಓ, ಹೌದಾ ಸಾರ್," ಎಂದರು ಆ ಕಡೆಯಿಂದ ಮಗ. "ಪಾಪ, ನಮ್ಮನೆಯವ್ಳು ಆ ಮೇಡಂ ಬಗ್ಗೆ ಏನೇನೋ ಅಂದ್ಕೊಂಡಿದ್ಲು. ಹೇಳ್ತೀನಿ ಬಿಡಿ. ಸಾರ್, ಅಂದ್ಹಾಗೆ... ಆ ಬ್ರೋಕರ್ ನಂಬರ್ ನಿಮ್ಹತ್ರ ಏನಾದ್ರೂ ಇದ್ಯಾ? ಆವತ್ತು ಕೋಪದಲ್ಲಿ ಬ್ಲಾಕ್ ಮಾಡಿ ಡಿಲೀಟೂ ಮಾಡ್ಬಿಟ್ಟೆ. ಈಗ ಅಣ್ಣತಮ್ಮಂದ್ರೆಲ್ಲ ಕೂತು ಮಾತಾಡಿದ್ವಿ, ಅಷ್ಟು ದೊಡ್ಡ ಮನೆ ಇಟ್ಕೊಂಡು ಏನ್ ಮಾಡೋದು ಅಂತ..."

ಯಜಮಾನರ ಮುಖ ಅರಳಿತು. ಕೆಟ್ಟದ್ದೇನೂ ಆಗಿಯೇ ಇಲ್ಲ, ಹಾಗಿದ್ದರೆ ತಪ್ಪು ಎಲ್ಲಿಂದ ಬಂತು ಎಂಬ ಪ್ರಶ್ನೆ ಅವರ ಕಣ್ಣಲ್ಲಿ ಏಳುತ್ತಿರುವುದು ನನಗೆ ಕಂಡಿತು. ನಂಬರು ಇಲ್ಲವೆಂದು ಹೇಳಿ ಫೋನಿಟ್ಟು, "ಕೇಳಿದ್ರಲ್ಲ ಮೇಡಂ? ಅವರಿಗೇ ಬೇಕಂತೆ! ಜನ ಅದನ್ನೆಲ್ಲ ಮರೆತಿದಾರೆ. ಇನ್ನು ಉಳಿದೋರಿಗೆ ಸುಮ್ನೆ ಯಾಕೆ..." ಎಂದರು.

"ಮನೆ ಮಾರೋದು ಅವರಿಷ್ಟ ಸಾರ್," ಎಂದರು ಮೇಡಂ, ಫೋನನ್ನು ಅವರ ಕಡೆಗೆ ಇನ್ನಷ್ಟು ಸರಿಸುತ್ತಾ. "ಮಲ್ಲೇಶ್ವರದವರಿಗೆ ಮಾಡಿ. ಈ ಸಲ ಹವಾಮಾನ ಬೇಡ."

ಯಜಮಾನರು ಕನ್ನಡಕ ಹಾಕಿಕೊಂಡು ಮಲ್ಲೇಶ್ವರದ ನಂಬರು ಒತ್ತಿದರು.